ಹಳೆಯ ಗಾಡಿಗೆ ಸರಿಯಾದ ಆಯಿಲ್ ಫಿಲ್ಟರ್ ಆರಿಸುವುದು ಹೇಗೆ?



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಸದಸ್ಯರ ಮನೆಯಲ್ಲಿ ಹದಿನೈದು-ಇಪ್ಪತ್ತು ವರ್ಷ ದುಡಿದ ಟ್ರ್ಯಾಕ್ಟರ್, ಜೀಪು ಇಲ್ಲವೆ ಸರಕು ಗಾಡಿ ಇದೆ. ಭತ್ತದ ಹುಲ್ಲು, ಜೋಳದ ಕಣಿಕೆ ತರುವುದಕ್ಕೂ, ಹಾಲಿನ ಕ್ಯಾನು ಮುಟ್ಟಿಸುವುದಕ್ಕೂ ಅದೇ ಆಧಾರ. ಬೇಸಿಗೆಯಲ್ಲಿ ಗಾಡಿ ದಾರಿಯಲ್ಲಿ ಕೆಟ್ಟು ಕೆಲವು ತಾಸು ನಿಂತರೆ, ತಂಪು ಮಾಡದ ಹಾಲು ಹುಳಿಯಾಗುತ್ತದೆ. ಗಾಡಿ ಒಬ್ಬರದು, ನಷ್ಟ ಸಂಘದ ಎಲ್ಲರದು. ಇಂಜಿನ್ ಕೈಕೊಡುವುದಕ್ಕೆ ಎಷ್ಟೋ ಸಲ ಅಗ್ಗದ, ಹೊಂದಿಕೆಯಾಗದ ಒಂದು ಆಯಿಲ್ ಫಿಲ್ಟರ್ ಕಾರಣವಾಗಿರುತ್ತದೆ.

ಫಿಲ್ಟರಿನ ಕೆಲಸವೇನು?

ಸಂಘದಲ್ಲಿ ಹಾಲನ್ನು ಸೋಸಿಯೇ ಕ್ಯಾನಿಗೆ ಹಾಕುತ್ತೇವೆ. ಇಂಜಿನ್ ಆಯಿಲ್‌ಗೆ ಫಿಲ್ಟರ್ ಅಂಥದೇ ಸೋಸುವ ಬಟ್ಟೆ. ಸವೆದ ಲೋಹದ ಕಣ, ಮಸಿ, ಧೂಳನ್ನು ಅದರೊಳಗಿನ ಮಡಿಕೆ ಕಾಗದ ಹಿಡಿಯುತ್ತದೆ. ಕ್ರ್ಯಾಂಕ್ ಮತ್ತು ಬೇರಿಂಗ್ ನಡುವಿನ ಸಂದಿ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು. ಕಣ್ಣಿಗೆ ಕಾಣದ ಕಣವೂ ಅಲ್ಲಿ ಗೀರು ಹಾಕುತ್ತದೆ.

ಬಟ್ಟೆ ಕಟ್ಟಿಕೊಂಡರೆ ಹಾಲು ಅಂಚಿನಿಂದ ಹೊರಚೆಲ್ಲುವುದನ್ನು ತಾವು ನೋಡಿದ್ದೀರಿ. ಫಿಲ್ಟರ್ ಕಟ್ಟಿಕೊಂಡಾಗ ಇಂಜಿನ್ ಒಣಗಬಾರದೆಂದು ಬೈಪಾಸ್ ವಾಲ್ವ್ ಎಂಬ ಬಾಗಿಲು ತೆರೆದುಕೊಳ್ಳುತ್ತದೆ. ಆಗ ಇಂಜಿನ್‌ಗೆ ಆಯಿಲ್ ಸಿಗುತ್ತದೆ, ಆದರೆ ಸೋಸದ ಆಯಿಲ್. ಗಾಡಿ ಓಡುತ್ತಲೇ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಕೆಲವು ಇಂಜಿನ್‌ಗಳಲ್ಲಿ ಈ ವಾಲ್ವ್ ಫಿಲ್ಟರಿನೊಳಗೇ ಇರುತ್ತದೆ, ಕೆಲವುಗಳಲ್ಲಿ ಇಂಜಿನ್ ಕಡೆ ಇರುತ್ತದೆ. ಹೊರಗಿನಿಂದ ಒಂದೇ ತರಹ ಕಾಣುವ ಎರಡು ಫಿಲ್ಟರ್‌ಗಳು ಒಳಗೆ ಬೇರೆಯಾಗಿರಬಹುದು. ಆದ್ದರಿಂದ "ಕೂತಿತು, ಸಾಕು" ಎನ್ನುವುದು ತಪ್ಪು.

ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

1. ಮೊದಲು ತಮ್ಮ ಗಾಡಿಯಲ್ಲಿ ಯಾವ ಬಗೆಯ ಫಿಲ್ಟರ್ ಇದೆ ಎಂದು ತಿಳಿಯಿರಿ. ಹಳೆಯ ಡೀಸೆಲ್ ಇಂಜಿನ್‌ಗಳಲ್ಲಿ ಹೆಚ್ಚಾಗಿ ಬಟ್ಟಲಿನೊಳಗೆ ಕೂರುವ ಎಲಿಮೆಂಟ್ ಇರುತ್ತದೆ. ನಂತರದವುಗಳಲ್ಲಿ ಡಬ್ಬಿಯಂತೆ ತಿರುಗಿಸಿ ಕೂರಿಸುವ ಫಿಲ್ಟರ್ ಇರುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸುವ ಹಳೆಯ ಟೂ ಸ್ಟ್ರೋಕ್ ಮೊಪೆಡ್‌ಗಳಿಗೆ ಇಂಜಿನ್ ಆಯಿಲ್ ಫಿಲ್ಟರ್ ಇರುವುದೇ ಇಲ್ಲ.

2. ಗಾಡಿಯ ಹೆಸರು ಮಾತ್ರ ಹೇಳಿ ಕೇಳಬೇಡಿ. ಒಂದೇ ಹೆಸರಿನ ಗಾಡಿಗೆ ವರ್ಷದಿಂದ ವರ್ಷಕ್ಕೆ ಇಂಜಿನ್ ಬದಲಾಗಿರಬಹುದು. ಹಳೆಯ ಗಾಡಿಗೆ ಬೇರೆ ಇಂಜಿನ್ ಕೂರಿಸಿರುವುದೂ ಉಂಟು. ಇಂಜಿನ್ ನಂಬರ್, ತಯಾರಾದ ವರ್ಷ, ಪುಸ್ತಕದಲ್ಲಿರುವ ಫಿಲ್ಟರ್ ನಂಬರ್ ಬರೆದುಕೊಂಡು ಹೋಗಿ. ಬಿಚ್ಚಿದ ಹಳೆಯ ಫಿಲ್ಟರನ್ನೂ ಒಯ್ಯಿರಿ. ಆದರೆ ಹಿಂದಿನವರು ಹಾಕಿದ್ದೇ ತಪ್ಪಾಗಿರಬಹುದಾದ್ದರಿಂದ ಪುಸ್ತಕದ ನಂಬರಿಗೆ ತಾಳೆ ನೋಡಿ.

3. ಥ್ರೆಡ್ಡನ್ನು ಪರೀಕ್ಷಿಸಿ. ಕೆಲವು ಇಂಜಿನ್‌ಗಳದು ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ.; ಕೆಲವುಗಳದು 20 ಮಿ.ಮೀ. ಒಂದು ಮಿಲಿಮೀಟರಿಗೂ ಕಡಿಮೆ ಅಂತರ. 20 ಮಿ.ಮೀ. ಫಿಲ್ಟರ್ ಮುಕ್ಕಾಲು ಇಂಚಿನದಕ್ಕೆ ಸಡಿಲವಾಗಿ ಏರಿ ಕೂತಂತೆ ಕಾಣಬಹುದು. ಒತ್ತಡ ಬಂದಾಗ ಕಿತ್ತುಹೋದರೆ ಆಯಿಲ್ ಎಲ್ಲ ಕ್ಷಣದಲ್ಲಿ ರಸ್ತೆಗೆ ಸುರಿಯುತ್ತದೆ.

4. ರಬ್ಬರ್ ವಾಷರ್ ಇಂಜಿನ್‌ನ ಜಾಗದಲ್ಲಿ ಸುತ್ತಲೂ ಸಮನಾಗಿ ಕೂರಬೇಕು. ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಸೋರುತ್ತದೆ.

5. ಫಿಲ್ಟರ್ ಅಡ್ಡ ಅಥವಾ ಬಾಯಿ ಕೆಳಗಾಗಿ ಕೂರುವ ಇಂಜಿನ್‌ಗೆ, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಪರದೆ ಒಳಗೆ ಇರಬೇಕು. ಸುತ್ತಲಿನ ಸಣ್ಣ ರಂಧ್ರಗಳ ಮೂಲಕ ನೋಡಿದರೆ ಅದು ಕಾಣುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಇಂಜಿನ್ ಕೆಲವು ಸೆಕೆಂಡು ಕಟಕಟ ಎಂದು, ಆಯಿಲ್ ಒತ್ತಡದ ದೀಪ ತಡವಾಗಿ ಆರಿದರೆ ಈ ಪರದೆ ಕೆಟ್ಟಿರುವ ಸಂಶಯವಿದೆ.

6. ಬಿಲ್ಲು ಕೇಳಿ ಪಡೆಯಿರಿ. ಅಕ್ಷರ ಮಾಸಿದ, ನಂಬರ್ ಇಲ್ಲದ ಪೆಟ್ಟಿಗೆಯ ಮಾಲು ಬೇಡ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಕ್ರ್ಯಾಂಕ್ ಕೆಲಸಕ್ಕೆ ಸಾವಿರಾರು ರೂಪಾಯಿ ತೆರಬೇಕಾದೀತು.

ಹಾಕುವ ಕ್ರಮ

ಇಂಜಿನ್ ಬೆಚ್ಚಗಿರುವಾಗ ಹಳೆಯ ಆಯಿಲ್ ಇಳಿಸಿ. ಹಳೆಯ ವಾಷರ್ ಇಂಜಿನ್‌ಗೇ ಅಂಟಿಕೊಂಡು ಉಳಿಯುವುದುಂಟು. ಅದರ ಮೇಲೆ ಹೊಸದು ಕೂತರೆ ಖಂಡಿತ ಸೋರುತ್ತದೆ, ಕೈಯಾಡಿಸಿ ನೋಡಿ. ಹೊಸ ವಾಷರಿಗೆ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ. ವಾಷರ್ ತಾಗಿದ ಮೇಲೆ ಸಾಮಾನ್ಯವಾಗಿ ಇನ್ನು ಮುಕ್ಕಾಲು ಸುತ್ತು ಸಾಕು. ಬಟ್ಟಲಿನ ಬಗೆಯಾದರೆ ಬಟ್ಟಲನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿ, ಒಳಗಿನ ಸ್ಪ್ರಿಂಗ್, ಬಿಲ್ಲೆಗಳನ್ನು ಇದ್ದ ಕ್ರಮದಲ್ಲೇ ಇಡಿ. ಕಾಗದದ ಎಲಿಮೆಂಟನ್ನು ಮಾತ್ರ ಡೀಸೆಲ್‌ನಲ್ಲಿ ತೊಳೆದು ಮತ್ತೆ ಹಾಕಬೇಡಿ. ಹೊಸ ಆಯಿಲ್ ತುಂಬಿ, ಇಂಜಿನ್ ಕೆಲವು ನಿಮಿಷ ನಡೆಸಿ, ಸೋರಿಕೆ ನೋಡಿ. ನಿಲ್ಲಿಸಿ ಹತ್ತು ನಿಮಿಷದ ನಂತರ ಕಡ್ಡಿಯಲ್ಲಿ ಮಟ್ಟ ಪರೀಕ್ಷಿಸಿ.

ಎಷ್ಟು ದಿನಕ್ಕೊಮ್ಮೆ?

ತಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದ ತಾಸು ಅಥವಾ ಕಿಲೋಮೀಟರೇ ಆಧಾರ. ಅನೇಕ ಟ್ರ್ಯಾಕ್ಟರ್‌ಗಳಿಗೆ ಇದು 250 ತಾಸು. ಕುಷ್ಟಗಿ, ಯಲಬುರ್ಗಾದ ಒಣ ಹೊಲದ ಧೂಳಿನಲ್ಲಿ, ಗಂಗಾವತಿಯ ಗದ್ದೆಯ ಭಾರದ ಕೆಲಸದಲ್ಲಿ ಅದಕ್ಕೂ ಮೊದಲೇ ಬದಲಿಸುವುದು ಕ್ಷೇಮ. ಆಯಿಲ್ ಬದಲಿಸಿದಾಗಲೆಲ್ಲ ಫಿಲ್ಟರನ್ನೂ ಬದಲಿಸಿ. ಹೊಸ ಹಾಲನ್ನು ತೊಳೆಯದ ಕ್ಯಾನಿಗೆ ಯಾರೂ ಹಾಕುವುದಿಲ್ಲವಷ್ಟೆ?

ಒಂದು ಎಚ್ಚರಿಕೆ

ಇಳಿಸಿದ ಆಯಿಲನ್ನು ಉಣ್ಣೆ ಹೋಗಲೆಂದು ದನದ ಮೈಗೆ ಸವರುವುದು, ಗಾಯಕ್ಕೆ ಹಚ್ಚುವುದು ಬೇಡ. ದನ ಮೈ ನೆಕ್ಕಿದಾಗ ಅದರಲ್ಲಿರುವ ಲೋಹದ ವಿಷ ಹೊಟ್ಟೆ ಸೇರುತ್ತದೆ. ಉಣ್ಣೆಗೆ ಪಶುವೈದ್ಯರನ್ನು ಕೇಳಿ ಔಷಧಿ ಬಳಸಿ. ಹಳೆಯ ಆಯಿಲ್, ಫಿಲ್ಟರ್‌ಗಳನ್ನು ಕೊಟ್ಟಿಗೆ, ಮೇವು, ನೀರಿನ ತೊಟ್ಟಿಯಿಂದ ದೂರವಿಡಿ. ಆಯಿಲ್ ಡಬ್ಬಿಯನ್ನು ಹಾಲಿಗಾಗಲಿ ನೀರಿಗಾಗಲಿ ಬಳಸಬೇಡಿ.

ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಇಂದೇ ಮೂರು ವಿಷಯ ಬರೆದಿಡಿ: ಇಂಜಿನ್ ನಂಬರ್, ಫಿಲ್ಟರ್ ನಂಬರ್, ಕೊನೆಯ ಸಲ ಬದಲಿಸಿದ ದಿನಾಂಕ. ಮುಂದಿನ ಸಲ ಅಂಗಡಿಯಲ್ಲಿ "ಇದೇ ನಡೆಯುತ್ತದೆ ತಗೊಳ್ಳಿ" ಎಂದಾಗ, ಆ ಹಾಳೆಯನ್ನು ತೋರಿಸಿ ಸರಿಯಾದುದನ್ನೇ ಕೇಳಿ ತನ್ನಿ.