ಮಾವ ಅರ್ಧಕ್ಕೆ ಬಿಟ್ಟ ಜೀಪು: ಅಳಿಯಂದಿರಿಗೆ ಕೆಲವು ಕಿವಿಮಾತು

ಗಂಗಾವತಿ, ಕಾರಟಗಿಯ ಗದ್ದೆ ಊರುಗಳಲ್ಲಾಗಲಿ, ಯಲಬುರ್ಗಾ, ಕುಷ್ಟಗಿ ಕಡೆಯ ಎರಿಹೊಲದ ಊರುಗಳಲ್ಲಾಗಲಿ, ಯಾರದೋ ದನದ ಕೊಟ್ಟಿಗೆಯಲ್ಲಿ ಒಂದು ಹಳೆ ಜೀಪು ಇಟ್ಟಿಗೆ ಮೇಲೆ ನಿಂತಿರುತ್ತದೆ. ಬಾನೆಟ್ ಒಂದು ಕಡೆ, ಸೀಟು ಇನ್ನೊಂದು ಕಡೆ, ಗೋಣಿಚೀಲದಲ್ಲಿ ನಟ್ಟು ಬೋಲ್ಟು. ಹರಾಜಿನಲ್ಲಿ ಕೊಂಡ ಸರಕಾರಿ ಜೀಪನ್ನು ಮಾವ ಬಿಚ್ಚಿ ಹೊಸದು ಮಾಡುತ್ತೇನೆಂದು ಹೊರಟಿರುತ್ತಾನೆ. ಮೊಣಕಾಲು ಕೈಕೊಟ್ಟಿತೋ, ಮಗಳ ಮದುವೆ ಬಂತೋ, ಕೆಲಸ ಅಲ್ಲಿಗೇ ನಿಂತಿತು. ಈಗ 'ನೀನ ಮುಗಸಪಾ ಅಳಿಯಾ' ಅಂತ ನಿನ್ನ ಅಂಗಳಕ್ಕೆ ಎಳೆದು ತಂದು ಬಿಟ್ಟಿದ್ದಾರೆ.

ಅಮೆರಿಕದಲ್ಲಿ ಇಂಥದಕ್ಕೆ ಹಾಟ್ ರಾಡ್ ಎನ್ನುತ್ತಾರೆ. 1930-40ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೆ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಿತ್ತು, ಎಂಜಿನ್ನಿಗೆ ಜೋರು ತುಂಬಿ, ಒಣಗಿದ ಕೆರೆಗಳ ಅಂಗಳದಲ್ಲಿ ಪಂದ್ಯ ಕಟ್ಟುತ್ತಿದ್ದರು. ನಮ್ಮ ಕಡೆಯ ಹಾಟ್ ರಾಡ್ ಎಂದರೆ ವಿಲ್ಲಿಸ್ ಮಾದರಿಯ ಮಹೀಂದ್ರ ಜೀಪು: ಪೆಟ್ರೋಲ್ ಎಂಜಿನ್ ಇಳಿಸಿ ಮಟಾಡೋರ್ ಡೀಸೆಲ್ ಏರಿಸಿದ್ದು, ಅಗಲ ಟೈರು ಹಾಕಿದ್ದು, ಗಾಜಿನ ಚೌಕಟ್ಟು ಮಲಗಿಸಿದ್ದು. ಇದನ್ನು ಮುಗಿಸುವ ಹಟ ತೊಟ್ಟ ತಮ್ಮಂದಿರಿಗೆ, ಪಾನಾ ಹಿಡಿಯುವ ತಂಗಿಯರಿದ್ದರೆ ಅವರಿಗೂ, ನನ್ನ ಮಾತು ಇಷ್ಟು.

• ಮೊದಲು ಒಂದು ತೀರ್ಮಾನ ಮಾಡು. ಗಾಡಿ ಕಂಪನಿಯಿಂದ ಬಂದಂತೆಯೇ ಇರಬೇಕೋ, ಮಾವ ಕನಸು ಕಂಡಂತೆ ಬದಲಾಗಬೇಕೋ? 'ನೋಡೂಣು' ಎಂದವರ ಜೀಪು ಇನ್ನೂ ಇಟ್ಟಿಗೆ ಮೇಲೇ ಇದೆ. ಇದು ಬರೀ ರುಚಿಯ ಮಾತಲ್ಲ, ಕಾನೂನಿನ ಮಾತೂ ಹೌದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಡಕ್ಕಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶ ಬಂತು.

ಇನ್ನೊಂದು ದಾರಿಯೂ ಇದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಉಳಿದ ಗಾಡಿಗೆ 2021ರ ನಿಯಮದಲ್ಲಿ 'ವಿಂಟೇಜ್' ನೋಂದಣಿ ಸಿಗುತ್ತದೆ. ಹೊಸದಾಗಿ ಮಾಡಿಸಿದರೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ನವೀಕರಣಕ್ಕೆ 5,000. ಆದರೆ ಆ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಎಣ್ಣೆ ತುಂಬಿಸಲು ಮಾತ್ರ ರಸ್ತೆಗೆ ತರಬೇಕು. ದಿನಾ ಹೊಲಕ್ಕೆ ಹೋಗುತ್ತೇನೆ ಎನ್ನುವವನಿಗೆ ಅದು ಬೇಡ. ಡೀಸೆಲ್ ಏರಿಸಿದ ದಿನವೇ ಆ ಬಾಗಿಲು ಮುಚ್ಚುತ್ತದೆ ಎಂಬುದನ್ನಂತೂ ತಿಳಿದಿರು. ನನ್ನನ್ನು ಕೇಳಿದರೆ, ಹಳೆ ಪೆಟ್ರೋಲ್ ಎಂಜಿನ್ ಕೊಟ್ಟಿಗೆಯಲ್ಲಿ ಇನ್ನೂ ಇದ್ದರೆ ಅದನ್ನೇ ಏರಿಸು. ಖರ್ಚು ಹೆಚ್ಚು, ಆದರೂ ಅದೇ ಸರಿ.

• ಪಾನಾ ಮುಟ್ಟುವ ಮೊದಲು ಕಾಗದ. ಮಾವ ಇದ್ದಾರೆಂದರೆ ಫಾರ್ಮ್ 29 ಮತ್ತು 30ಕ್ಕೆ ಈಗಲೇ ಸಹಿ ಹಾಕಿಸು, ಕೈ ನಡುಗುವವರೆಗೆ ಕಾಯಬೇಡ. ತೀರಿಕೊಂಡಿದ್ದರೆ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31 ಕೊಡಬೇಕೆಂಬುದು ನಿಯಮ. ತಡವಾಗಿದ್ದರೂ ಹೋಗು, ಇನ್ನಷ್ಟು ತಡ ಮಾಡಬೇಡ. ಆರ್‌ಸಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಇವಿಷ್ಟನ್ನು ಒಂದು ಫೈಲಿನಲ್ಲಿಡು.

ನಮ್ಮ ಜಿಲ್ಲೆಯವರಿಗೆ ಒಂದು ಹೆಚ್ಚಿನ ತೊಡಕಿದೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ನಾವು ರಾಯಚೂರಿನವರು. 'ಎಂವೈ' ಅಂತ ಶುರುವಾಗುವ ಹಳೆ ನಂಬರಿನ ಗಾಡಿಯಾದರೆ ಅದರ ಕಡತವನ್ನು ಕೆಎ-37ರ ಕಚೇರಿಯಲ್ಲಿ ಹುಡುಕಿ ಸುಸ್ತಾಗುವ ಬದಲು ರಾಯಚೂರಿನಲ್ಲೂ ವಿಚಾರಿಸು. ಕಂಪ್ಯೂಟರಿಗೆ ಏರದ ಹಳೆ ದಾಖಲೆಯನ್ನು ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕಾಗುತ್ತದೆ. ಚಾಸಿ ನಂಬರನ್ನು ಉಜ್ಜಿ ತೊಳೆದು ಪೆನ್ಸಿಲ್ ಪ್ರಿಂಟ್ ತೆಗೆ. ಎಂಜಿನ್ ನಂಬರು ಮುಂಭಾಗದಲ್ಲಿ, ನೀರಿನ ಪಂಪು ಕೂರುವ ಜಾಗದ ಮೇಲ್ಗಡೆ ಬ್ಲಾಕಿನಲ್ಲೇ ಒತ್ತಿರುತ್ತಾರೆ. ಎರಡೂ ಆರ್‌ಸಿಗೆ ಹೊಂದದಿದ್ದರೆ ಒಂದು ರೂಪಾಯಿಯನ್ನೂ ಅದರ ಮೇಲೆ ಸುರಿಯಬೇಡ.

• ಅತ್ತೆಯನ್ನು ಕೇಳು. ಮಾವನ ಮಕ್ಕಳನ್ನೂ ಕೇಳು. ತುಕ್ಕು ಹಿಡಿದಿದ್ದಾಗ ಯಾರಿಗೂ ಬೇಡವಾಗಿದ್ದ ಜೀಪು ಬಣ್ಣ ಬಳಿದ ಮರುದಿನ 'ನಮ್ಮಪ್ಪನದು' ಆಗುತ್ತದೆ.

• ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ಹೊಡಿ, ಪ್ರತಿ ತಂತಿ, ಪ್ರತಿ ಪೈಪು. ಗೋಣಿಚೀಲದ ಸಾಮಾನು ಸುರಿದು ಬೇರೆ ಬೇರೆ ಡಬ್ಬಿಗೆ ಹಾಕು, ಮೇಲೆ ಚೀಟಿ ಅಂಟಿಸು. ಮಾವನ ಕಾಲದ ಮೇಸ್ತ್ರಿ ಇನ್ನೂ ಇದ್ದರೆ ಒಂದು ಮಧ್ಯಾಹ್ನ ಕರೆಸಿ ಊಟ ಹಾಕು. ಅವನ ತಲೆಯಲ್ಲಿರುವುದು ಯಾವ ಪುಸ್ತಕದಲ್ಲೂ ಇಲ್ಲ.

• ಎಂಜಿನ್ ಆಮೇಲೆ, ಬ್ರೇಕ್ ಮೊದಲು. ಹುಡುಗರು ಇದನ್ನು ಕೇಳುವುದೇ ಇಲ್ಲ. ಎಂಜಿನ್ ಡುಗುಡುಗು ಎಂದರೆ ಊರೆಲ್ಲ ನೋಡಲು ಬರುತ್ತದೆ, ಬ್ರೇಕ್ ಹಿಡಿದರೆ ಯಾರೂ ಬರುವುದಿಲ್ಲ. ಈ ಜೀಪಿನಲ್ಲಿ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ಎಣ್ಣೆ ಹೋಗಲು ಒಂದೇ ಲೈನು. ಎಲ್ಲಿ ಒಂದು ಪೈಪು ಒಡೆದರೂ ನಾಲ್ಕೂ ಗಾಲಿಯ ಬ್ರೇಕು ಒಟ್ಟಿಗೇ ಹೋಯಿತು. ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಕಾಲಡಿಯ ಹಲಗೆಯ ಕೆಳಗೆ. ಗದ್ದೆಯ ರಾಡಿಯೆಲ್ಲ ಅಲ್ಲೇ ಬೀಳುವುದು. ಒಳಗಿನ ರಬ್ಬರು ಕಿಟ್ಟು ಬದಲಿಸಿದರೆ ಸಾಕೆಂದು ಹೇಳುವವರಿದ್ದಾರೆ. ಸಿಲಿಂಡರಿನ ಒಳಮೈಗೆ ಉಗುರು ತಾಕಿಸಿ ನೋಡು, ಗುಳಿ ಸಿಕ್ಕರೆ ಕಿಟ್ಟು ದಂಡ, ಹೊಸ ಸಿಲಿಂಡರೇ ಬೇಕು. ಗಾಲಿ ಸಿಲಿಂಡರು, ರಬ್ಬರ್ ಹೋಸು, ಲೋಹದ ಪೈಪು ಎಲ್ಲ ಹೊಸದು ಹಾಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಅರ್ಧ ಖಾಲಿಯಾದ ಹಳೆ ಡಬ್ಬಿಯದನ್ನು ಹಾಕಬೇಡ.

ಹ್ಯಾಂಡ್‌ಬ್ರೇಕ್ ಬಗ್ಗೆ ಗೊತ್ತಿರಲಿ: ಅದು ಗಾಲಿಗಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಹಿಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಕಟ್ಟಿರುತ್ತದೆ. ಆ ಶಾಫ್ಟು ಬಿಚ್ಚಿಟ್ಟು 'ಹ್ಯಾಂಡ್‌ಬ್ರೇಕ್ ಹಾಕೇನಿ' ಎಂದು ಗಾಡಿಯ ಕೆಳಗೆ ನುಸುಳಿದರೆ ನಿನ್ನನ್ನು ಕಾಯುವುದು ಗಾಲಿಗೆ ಕೊಟ್ಟ ಕಲ್ಲು ಮಾತ್ರ.

• ಗಾಲಿ ಬಿಚ್ಚುವಾಗ ಜೋಕೆ. ಹಳೆ ವಿಲ್ಲಿಸ್ ಮಾದರಿಗಳಲ್ಲಿ ಎಡಗಡೆಯ ಗಾಲಿಯ ನಟ್ಟಿಗೆ ಎಡಮರೆ, ಎಂದರೆ ತಿರುಗಿಸುವ ದಿಕ್ಕು ಉಲ್ಟಾ. ಪಾನಾಕ್ಕೆ ಪೈಪು ತೊಡಿಸಿ ನಾಲ್ಕು ಜನ ಜೋತುಬಿದ್ದು ಸ್ಟಡ್ಡು ಮುರಿದದ್ದನ್ನು ಬೇಕಾದಷ್ಟು ಕಂಡಿದ್ದೇನೆ.

• ವೆಲ್ಡಿಂಗ್ ಮಾಡಿಸುವವರೇ, ಈ ಜೀಪಿನ ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇದೆ. ನೆಲದ ಹಲಗೆ ತುಕ್ಕು ತಿಂದಿರುತ್ತದೆ, ವೆಲ್ಡರ್ ಬಂದವನೇ ಕಿಡಿ ಹಾರಿಸಲು ನಿಲ್ಲುತ್ತಾನೆ. ಟ್ಯಾಂಕು ಇಳಿಸಿ ದೂರ ಇಡದೆ ವೆಲ್ಡಿಂಗ್ ಬೇಡ. ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ, ಹೊಟ್ಟಿನ ಬಣವೆ ಪಕ್ಕದಲ್ಲಿದ್ದರಂತೂ ಕೇಳುವುದೇ ಬೇಡ.

ಟ್ಯಾಂಕು ಇಳಿಸಿದ್ದಕ್ಕೆ ಒಳಗನ್ನೂ ನೋಡು. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು. ಅದು ನೀರನ್ನು ಎಳೆದುಕೊಳ್ಳುತ್ತದೆ, ಕಬ್ಬಿಣದ ಟ್ಯಾಂಕಿಗೆ ತುಕ್ಕು ಬರಿಸುತ್ತದೆ, ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪಂಪಿನ ಡಯಾಫ್ರಮ್ಮು, ಹೋಸು, ಕಾರ್ಬರೇಟರಿನ ವಾಶರು ಈ ಪೆಟ್ರೋಲಿಗೆ ತಡೆಯುವಂಥದ್ದು ಹಾಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬರೇಟರು ಎರಡನ್ನೂ ಬಸಿದಿಡು.

• ಎಂಜಿನ್ ಜಾಮ್ ಆಗಿದ್ದರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಚಾಲೂ ಮಾಡುವ ಸಾಹಸ ಬೇಡ. ರಿಂಗು ಮುರಿಯುತ್ತದೆ, ಕನೆಕ್ಟಿಂಗ್ ರಾಡು ಬಾಗುತ್ತದೆ. ಪ್ಲಗ್ಗು ತೆಗೆದು ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ತೆಳು ಎಣ್ಣೆ ಬೆರೆಸಿ ಬಿಡು, ದಿನಗಟ್ಟಲೆ ನೆನೆಯಲಿ. ಆಮೇಲೆ ಹ್ಯಾಂಡಲ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಆದರೆ ಅದರಲ್ಲಿರುವುದು 2.2 ಲೀಟರಿನ ಹರಿಕೇನ್ ಎಂಜಿನ್: ಇನ್‌ಲೆಟ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಹೆಡ್ಡು ಮಾತ್ರ ಇಳಿಸಿ 'ವಾಲ್ವ್ ಕೆಲಸ ಮುಗೀತು' ಎನ್ನುವ ಮೇಸ್ತ್ರಿ ಅರ್ಧ ಕೆಲಸ ಮಾಡಿದ್ದಾನೆ. ಫೈರಿಂಗ್ ಆರ್ಡರ್ 1-3-4-2, ರೋಟರು ಸುತ್ತುವುದು ಗಡಿಯಾರದ ಮುಳ್ಳಿಗೆ ಎದುರು. ಬಾನೆಟ್ಟಿನ ಒಳಗೆ ಬಣ್ಣದಲ್ಲಿ ಬರೆದಿಡು.

ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಹಿಡಿಗೆ ಸುತ್ತಬೇಡ, ಉಳಿದ ಬೆರಳಿನ ಪಕ್ಕಕ್ಕೇ ಇಡು. ಎಂಜಿನ್ ಹಿಂದಕ್ಕೆ ಒದ್ದರೆ ಮುರಿಯುವುದು ಹೆಬ್ಬೆರಳು, ಇಲ್ಲವೇ ಮಣಿಕಟ್ಟು.

• ಲೇತ್ ಕೆಲಸಕ್ಕೆ ಕಾಲ ನೋಡಿ ಹೋಗು. ಗಂಗಾವತಿಯಲ್ಲಿ ಭತ್ತದ ಕೊಯ್ಲಿನ ಹೊತ್ತಿಗೆ ಲೇತಿನವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹಾರ್ವೆಸ್ಟರು, ಟ್ರ್ಯಾಕ್ಟರು ಮೊದಲು, ನಿನ್ನ ಶೋಕಿ ಗಾಡಿ ಕೊನೆಗೆ. ಅವರದೇನೂ ತಪ್ಪಿಲ್ಲ. ಸುಗ್ಗಿ ಇಳಿದ ಮೇಲೆ ಬ್ಲಾಕು ಹೊತ್ತುಕೊಂಡು ಹೋದರೆ ಸಮಾಧಾನದಿಂದ ಅಳತೆ ಹಿಡಿದು ಬೋರ್ ಹೊಡೆದುಕೊಡುತ್ತಾರೆ. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಮಾಡಿಸಬೇಕು, ಎಂದೂ ಅದಕ್ಕೆ ಮೊದಲಲ್ಲ. ನಮ್ಮ ಜಿಲ್ಲೆ ಎಂಜಿನ್ನಿಗೆ ಹೊಸದಲ್ಲ ಬಿಡು. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಟ್ರ್ಯಾಕ್ಟರು, ವಾಹನಗಳ ಸಿಲಿಂಡರ್ ಬ್ಲಾಕು, ಹೆಡ್ಡು ಎರಕ ಹೊಯ್ಯುತ್ತಾರೆ. ಅಚ್ಚು, ಎರಕ, ಮಶಿನಿಂಗ್ ಗೊತ್ತಿರುವ ಹುಡುಗರು ಗಿಣಿಗೇರಾ ಸುತ್ತಲಿನ ಊರುಗಳಲ್ಲಿ ಇದ್ದಾರೆ, ಸ್ನೇಹ ಬೆಳೆಸು.

• ಸ್ಟೇರಿಂಗ್ ನಡುಗುತ್ತದೆ ಎಂದು ಟೈರು ಬದಲಿಸುತ್ತಾ ಕೂರಬೇಡ. ಕಿಂಗ್‌ಪಿನ್ ಬೇರಿಂಗು, ನಡುವಿನ ಬೆಲ್‌ಕ್ರ್ಯಾಂಕು, ಟೈರಾಡ್ ತುದಿ ಸವೆದಿದೆಯೇ ನೋಡು. ಒಬ್ಬ ಸ್ಟೇರಿಂಗ್ ಅಲ್ಲಾಡಿಸಲಿ, ಇನ್ನೊಬ್ಬ ಕೆಳಗೆ ಮಲಗಿ ನೋಡಲಿ.

• ಡೀಸೆಲ್ ಎಂಜಿನ್ ಆಗಲೇ ಏರಿಸಿ, ಆರ್‌ಸಿಯಲ್ಲೂ ಆ ಕಾಲದಲ್ಲೇ ಬರೆಸಿದ್ದರೆ ಸರಿ, ಮುಂದುವರಿಸು. ಆದರೆ ಮೂರು ವಿಷಯ ನೋಡು. ಎಂಜಿನ್ ಮೌಂಟಿಂಗು ಚಾಸಿಗೆ ಸರಿಯಾಗಿ ಕೂತಿದೆಯೇ, ವೆಲ್ಡು ಬಿರುಕು ಬಿಟ್ಟಿದೆಯೇ. ಮುಂದಿನ ಪಾಟಾಗಳು ಹೆಚ್ಚಿದ ಭಾರ ತಡೆಯುತ್ತವೆಯೇ. ಇನ್ನು ಡಿಫರೆನ್ಷಿಯಲ್: ಸಿಜೆ-3ಬಿಗೆ 5.38 ಅನುಪಾತದ ಹಲ್ಲು ಬರುತ್ತಿತ್ತು. ಹೊಲಕ್ಕೆ ಅದು ಚಿನ್ನ. ಹೆದ್ದಾರಿಯಲ್ಲಿ ಮಾತ್ರ ಎಂಜಿನ್ ಅರಚುತ್ತದೆ, ಗಾಡಿ ಓಡುವುದಿಲ್ಲ. ಎಂಜಿನ್ ಎಷ್ಟೇ ದೊಡ್ಡದಿದ್ದರೂ ಬ್ರೇಕು, ಸ್ಟೇರಿಂಗು ಹಳೆಯ ಕಾಲದ್ದೇ ಎಂಬುದನ್ನು ಮರೆಯಬೇಡ. ಉತ್ತರದ ಡಬ್ವಾಲಿಯಿಂದ ಹೊಳೆಯುವ ಜೀಪು ತರಿಸುವವರ ವಿಡಿಯೊ ನೋಡಿ ಮನಸ್ಸು ಕೆಡಿಸಿಕೊಳ್ಳಬೇಡ. ಅಲ್ಲಿಯದರ ಕಾಗದ ಇಲ್ಲಿನ ಇನ್‌ಸ್ಪೆಕ್ಟರ್ ಮುಂದೆ ನಿಲ್ಲುತ್ತದೋ ಇಲ್ಲವೋ ಎಂದು ಆ ವಿಡಿಯೊದಲ್ಲಿ ಹೇಳುವುದಿಲ್ಲ.

• ವೈರಿಂಗ್ ಪೂರ್ತಿ ಹೊಸದು, ಪ್ರತಿ ಲೈನಿಗೂ ಫ್ಯೂಸು. ಭತ್ತದ ಚೀಲದ ಪಕ್ಕ ಗಾಡಿ ನಿಲ್ಲಿಸಿದವರ ವೈರು ಇಲಿಗೆ ಊಟ.

• ಬಣ್ಣ ಎಲ್ಲದಕ್ಕೂ ಕೊನೆಗೆ, ಓಡಿಸಿ, ಸೋರಿಕೆ ನಿಲ್ಲಿಸಿದ ಮೇಲೆ. ಆಷಾಢದ ಗಾಳಿಯಲ್ಲಿ ಬಣ್ಣ ಹೊಡೆಸಿದರೆ ಯಲಬುರ್ಗಾದ ಅರ್ಧ ಎರಿಮಣ್ಣು ಬಾನೆಟ್ ಮೇಲೆ ಬಂದು ಕೂರುತ್ತದೆ. ತೂತನ್ನು ಪುಟ್ಟಿಯಿಂದ ತುಂಬಿಸುವ ಟಿಂಕರ್‌ನನ್ನು ದೂರ ಇಡು, ತಗಡು ಕತ್ತರಿಸಿ ಕೂಡಿಸುವವನನ್ನು ಹುಡುಕು. ಮೂಲ ಬಣ್ಣ, ಮೂಲ ಆಕಾರ ಹೇಗಿತ್ತೆಂದು ತಿಳಿಯಬೇಕಾದರೆ ಧರ್ಮಸ್ಥಳಕ್ಕೆ ಹೋದಾಗ ಡಾ. ವೀರೇಂದ್ರ ಹೆಗ್ಗಡೆಯವರ ಹಳೆ ವಾಹನಗಳ ಸಂಗ್ರಹ ನೋಡಿ ಬಾ. ಹಳೆಯದನ್ನು ಹಳೆಯದಾಗಿಯೇ ಚಂದ ಇಡುವುದೆಂದರೇನು ಎಂದು ಅಲ್ಲಿ ಕಾಣುತ್ತದೆ.

• ಸಾಲ ಮಾಡಬೇಡ. ಈ ಸುಗ್ಗಿಗೆ ಬ್ರೇಕು, ಮುಂದಿನ ಸುಗ್ಗಿಗೆ ಎಂಜಿನ್. ಸಾಮಾನಿಗೆ ಬರವಿಲ್ಲ, ಮಹೀಂದ್ರದವರು ಇದೇ ಆಕಾರದ ಜೀಪನ್ನು ದಶಕಗಟ್ಟಲೆ ಮಾಡಿದ್ದಾರೆ.

• ಮೊದಲ ಓಟ ಕುಷ್ಟಗಿ ಮೇಲೆ ಹಾಯುವ 50ನೇ ಹೆದ್ದಾರಿಯಲ್ಲಲ್ಲ, ಗ್ರಾನೈಟ್ ಲಾರಿಗಳ ನಡುವೆ ಅಲ್ಲ. ಊರ ಹೊರಗಿನ ಹೊಲದ ದಾರಿಯಲ್ಲಿ, ಸಂಜೆ ತಂಪಿನಲ್ಲಿ. ಮೂರು ಗೇರಿನ ಹಳೆ ಡಬ್ಬಿಯಾದರೆ ಫಸ್ಟ್ ಗೇರಿಗೆ ಸಿಂಕ್ರೊ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕು. ನೀರಿನ ಬಿಸಿ ಮೀಟರ್ ಮೇಲೆ ಕಣ್ಣಿರಲಿ. ಹುಲಿಗೆಮ್ಮನ ಗುಡಿಗೆ ಪೂಜೆಗೆ ಒಯ್ಯಬೇಕೆಂದು ಅತ್ತೆ ಹೇಳೇ ಹೇಳುತ್ತಾರೆ. ಒಯ್ಯಿ, ಆದರೆ ಹುಣ್ಣಿಮೆ, ಮಂಗಳವಾರ, ಶುಕ್ರವಾರದ ಜನಜಂಗುಳಿಯಲ್ಲಿ ಹೊಸ ಬ್ರೇಕಿನ ಪರೀಕ್ಷೆ ಬೇಡ. ಮೂರನೆಯವರ ವಿಮೆ ಇಲ್ಲದೆ ಅಂಗಳ ದಾಟಬೇಡ.

• ಮುಗಿಸಲಾಗದಿದ್ದರೆ ಕೊಟ್ಟುಬಿಡು, ಅದರಲ್ಲಿ ನಾಚಿಕೆಯೇನಿಲ್ಲ. ಮುಗಿಸುವ ಕೈಗೆ, ಕಾಗದ ಸಮೇತ, ಡಬ್ಬಿಗಳ ಸಮೇತ ಕೊಡು. ಯಾರೂ ಸಿಗದೆ ಗುಜರಿಗೇ ಹಾಕುವುದಾದರೆ ಮೊದಲು ಆರ್‌ಟಿಒದಲ್ಲಿ ಆರ್‌ಸಿ ರದ್ದು ಮಾಡಿಸು. ಇಲ್ಲದಿದ್ದರೆ ಮಾವನ ಹೆಸರಿನ ನಂಬರು ಯಾರದೋ ಕದ್ದ ಗಾಡಿಯ ಮೇಲೆ ಓಡಾಡಿ, ಪೊಲೀಸರು ಅತ್ತೆಯ ಮನೆ ಬಾಗಿಲಿಗೆ ಬರುತ್ತಾರೆ.