ರಕ್ಷಣೆಯೆಂಬ ವಿದ್ಯೆ: ಕಾಲ್ಚೆಂಡಾಟಗಾರ್ತಿ ಲೂಸಿ ಬ್ರಾಂಜ್

ಕ್ರೀಡಾಂಗಣದಲ್ಲಿ ಗೋಲು ಹೊಡೆದವರ ಹೆಸರು ಎಲ್ಲರ ನಾಲಗೆಯ ಮೇಲೆ ನಲಿಯುತ್ತದೆ. ಗೋಲಾಗದಂತೆ ತಡೆದವರ ಹೆಸರನ್ನು ಕೇಳುವವರು ವಿರಳ. ಕಾಲ್ಚೆಂಡಾಟದ ತಂಡದ ಹನ್ನೊಂದು ಜನರಲ್ಲಿ, ಗೋಲ್‌ಕೀಪರನ ಮುಂದೆ ನಿಂತು ಎದುರಾಳಿಗಳ ದಾಳಿಯನ್ನು ತಡೆಯುವವರನ್ನು ಡಿಫೆಂಡರ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ರಕ್ಷಕರೆನ್ನಬಹುದು. ಇವರು ತೊಂಬತ್ತು ನಿಮಿಷ ನಿಷ್ಠೆಯಿಂದ ಆಡಿದರೆ ಅದು ಯಾರ ಲಕ್ಷ್ಯಕ್ಕೂ ಬಾರದು. ಒಂದು ಕ್ಷಣ ಎಡವಿದರೆ ಲೋಕವೆಲ್ಲ ಕಾಣುವುದು. ಅಧ್ಯಾಪಕವೃತ್ತಿಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಸ್ಥಾನದಲ್ಲಿ ನಿಂತೇ ಜಗತ್ತಿನ ಶ್ರೇಷ್ಠ ಆಟಗಾರ್ತಿಯೆಂಬ ಮನ್ನಣೆ ಪಡೆದ ಇಂಗ್ಲೆಂಡಿನ ಲೂಸಿ ಬ್ರಾಂಜಳ ಜೀವನಕ್ರಮವನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಈಕೆ ಜನಿಸಿದ್ದು 1991ರ ಅಕ್ಟೋಬರ್ 28ರಂದು, ಇಂಗ್ಲೆಂಡಿನ ಉತ್ತರದ ಅಂಚಿನಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಸಮೀಪವಿರುವ ಬೆರಿಕ್-ಅಪಾನ್-ಟ್ವೀಡ್ ಎಂಬ ಊರಿನಲ್ಲಿ. ತಂದೆ ಪೋರ್ಚುಗಲ್ ದೇಶದವರು, ತಾಯಿ ಇಂಗ್ಲೆಂಡಿನವರು. ಪೂರ್ಣನಾಮ ಲೂಸಿಯಾ ರಾಬರ್ಟಾ ಟಫ್ ಬ್ರಾಂಜ್. ‘ಟಫ್’ ಎಂಬುದು ತಾಯಿಯ ತವರುಮನೆತನದ ಹೆಸರು; ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಗಟ್ಟಿಯಾದುದು, ಬಗ್ಗದುದು ಎಂದರ್ಥ. ‘ಬ್ರಾಂಜ್’ ಎಂದರೆ ಕಂಚು. ತಾಮ್ರಕ್ಕೆ ತವರ ಬೆರೆತಾಗ ಎರಡಕ್ಕಿಂತಲೂ ಗಟ್ಟಿಯಾದ ಕಂಚು ಹುಟ್ಟುವುದು ಸರ್ವವಿದಿತ. ಹೆಸರಿಗೂ ನಡೆಗೂ ಹೊಂದಿಕೆಯಿದ್ದರೆ ಅದನ್ನು ನಮ್ಮ ಹಿರಿಯರು ಅನ್ವರ್ಥನಾಮವೆಂದು ಕರೆದರು. ಈಕೆಯ ಮಟ್ಟಿಗೆ ಅದು ಹೇಗೆ ಸಲ್ಲುವುದೆಂಬುದನ್ನು ನೋಡೋಣ.

ಬಾಲ್ಯದಲ್ಲಿ ಈಕೆ ಆನಿಕ್ ಎಂಬ ಪಟ್ಟಣದ ತಂಡದಲ್ಲಿ ಗಂಡುಹುಡುಗರೊಡನೆ ಸರಿಸಮನಾಗಿ ಆಡುತ್ತಿದ್ದಳು. ಹನ್ನೆರಡರ ವಯಸ್ಸಿಗೆ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ ನಿಯಮವೊಂದು ಅಡ್ಡ ಬಂತು. ಆ ವಯಸ್ಸಿನ ಮೇಲೆ ಹುಡುಗಿಯರು ಹುಡುಗರ ತಂಡದಲ್ಲಿ ಆಡಕೂಡದು! ಆಟ ಬಾರದೆಂಬ ಕಾರಣಕ್ಕಲ್ಲ, ಹೆಣ್ಣೆಂಬ ಕಾರಣಕ್ಕೆ ಆಕೆ ತಂಡವನ್ನು ಬಿಡಬೇಕಾಯಿತು.

ಇಂಥ ನಿರ್ಬಂಧಕ್ಕೆ ಆ ನಾಡಿನಲ್ಲಿ ಹಳೆಯ ಚರಿತ್ರೆಯುಂಟು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಡಿಕ್ ಕೆರ್ ಕಾರ್ಖಾನೆಯ ಮಹಿಳೆಯರ ಆಟವನ್ನು ನೋಡಲು ಸುಮಾರು 53,000 ಜನ ನೆರೆದಿದ್ದರು. ಮರುವರ್ಷ, 1921ರ ಡಿಸೆಂಬರ್ 5ರಂದು, ಈ ಆಟ ಸ್ತ್ರೀಯರಿಗೆ ಸಲ್ಲದೆಂದು ಅಸೋಸಿಯೇಷನ್ ತೀರ್ಮಾನಿಸಿ, ತನಗೆ ಸೇರಿದ ಕ್ಲಬ್ಬುಗಳ ಮೈದಾನಗಳನ್ನು ಮಹಿಳೆಯರಿಗೆ ಕೊಡಕೂಡದೆಂದು ವಿಧಿಸಿತು. ಆ ನಿಷೇಧ ತೊಲಗಿದ್ದು 1971ರಲ್ಲಿ. ಅರ್ಧ ಶತಮಾನದಲ್ಲಿ ಎಷ್ಟು ಪ್ರತಿಭೆಗಳು ಮೊಳೆಯದೆ ಹೋದವೋ ಎಣಿಸಿದವರಿಲ್ಲ.

ಲೂಸಿ ಎದೆಗುಂದಲಿಲ್ಲ. ಹುಡುಗಿಯರ ತಂಡವನ್ನರಸಿ ಸಂಡರ್ಲೆಂಡಿಗೆ ಸೇರಿದಳು. 2009ರಲ್ಲಿ ಅಮೆರಿಕೆಯ ನಾರ್ತ್ ಕೆರೋಲಿನಾ ವಿಶ್ವವಿದ್ಯಾಲಯಕ್ಕೆ ಹೋಗಿ, ಅದೇ ವರ್ಷ ಆ ತಂಡದೊಡನೆ ರಾಷ್ಟ್ರೀಯ ವಿದ್ಯಾಲಯ ಪ್ರಶಸ್ತಿಯನ್ನು ಗಳಿಸಿದಳು. ಸ್ವದೇಶಕ್ಕೆ ಮರಳಿದ ಮೇಲೆ ಆಟದ ಜೊತೆಗೆ ವ್ಯಾಸಂಗವನ್ನೂ ನಡೆಸಿದಳು. ಆಗ ಮಹಿಳೆಯರ ಆಟದಲ್ಲಿ ಸಂಪಾದನೆ ಅತ್ಯಲ್ಪ. ಪಿಜ್ಜಾ ಅಂಗಡಿಯಲ್ಲಿ ದುಡಿದು ಖರ್ಚು ತೂಗಿಸಿಕೊಂಡಳು. ಮೊಣಕಾಲಿಗೆ ಹಲವು ಶಸ್ತ್ರಚಿಕಿತ್ಸೆಗಳಾದವು. ಇಷ್ಟಾಗಿಯೂ ಎವರ್ಟನ್ ತಂಡದಲ್ಲಿ ಆಡಿ, ಬಳಿಕ ಲಿವರ್‌ಪೂಲ್ ಪರವಾಗಿ 2013 ಮತ್ತು 2014ರಲ್ಲಿ, ಮ್ಯಾಂಚೆಸ್ಟರ್ ಸಿಟಿ ಪರವಾಗಿ 2016ರಲ್ಲಿ ಇಂಗ್ಲೆಂಡಿನ ಲೀಗ್ ಪ್ರಶಸ್ತಿಗೆ ಪಾಲುಗಾರ್ತಿಯಾದಳು.

ಈಕೆಯದು ಬಲಪಾರ್ಶ್ವದ ರಕ್ಷಣೆ, ಅಂದರೆ ರೈಟ್ ಬ್ಯಾಕ್ ಸ್ಥಾನ. ಇದು ಒಂದೆಡೆ ನಿಂತು ಕಾಯುವ ಕೆಲಸವಲ್ಲ. ತಂಡದ ವಶದಲ್ಲಿ ಚೆಂಡಿರುವಾಗ ಅಂಚುಗೆರೆಯ ಪಕ್ಕದಲ್ಲಿಯೇ ಮುನ್ನುಗ್ಗಿ ದಾಳಿಗೆ ಕೈಗೂಡಿಸಬೇಕು. ಚೆಂಡು ಕೈತಪ್ಪಿದೊಡನೆ ಅಷ್ಟೇ ವೇಗದಿಂದ ಹಿಂದಿರುಗಿ ತನ್ನ ಎಡೆಯನ್ನು ತುಂಬಬೇಕು. ಮುಂದೆ ಹೋಗುವ ಧೈರ್ಯ, ಹಿಂದಿರುಗುವ ಹೊಣೆ, ಇವೆರಡೂ ಒಬ್ಬಳಲ್ಲಿಯೇ ಇರಬೇಕು. ಈ ಗುಣ 2015ರ ಕೆನಡಾ ವಿಶ್ವಕಪ್ಪಿನಲ್ಲಿ ವ್ಯಕ್ತವಾಯಿತು. ನಾರ್ವೆ ಮತ್ತು ಕೆನಡಾ ತಂಡಗಳ ಮೇಲೆ ರಕ್ಷಕಿಯೇ ಗೋಲು ಗಳಿಸಿದಳು; ಇಂಗ್ಲೆಂಡ್ ಮೂರನೆಯ ಸ್ಥಾನ ಪಡೆಯಿತು.

2017ರಲ್ಲಿ ಫ್ರಾನ್ಸಿನ ಲಿಯೋನ್ ತಂಡಕ್ಕೆ ಸೇರಿ 2018, 2019, 2020ರಲ್ಲಿ ಸತತವಾಗಿ ಯೂರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಳು. ಮುಂದೆ ಸ್ಪೇನಿನ ಬಾರ್ಸಿಲೋನಾ ತಂಡದಲ್ಲಿ 2023 ಮತ್ತು 2024ರಲ್ಲಿ ಮತ್ತೆರಡು ಬಾರಿ. 2019ರಲ್ಲಿ ಯೂರೋಪಿನ ಶ್ರೇಷ್ಠ ಆಟಗಾರ್ತಿಯೆಂಬ ಪುರಸ್ಕಾರವೂ 2020ರಲ್ಲಿ ಫಿಫಾ ಸಂಸ್ಥೆಯ ವಿಶ್ವಶ್ರೇಷ್ಠ ಆಟಗಾರ್ತಿಯೆಂಬ ಪುರಸ್ಕಾರವೂ ಸಂದವು. ಇವನ್ನು ಪಡೆದ ಮೊದಲ ರಕ್ಷಕಿ ಈಕೆಯೇ.

ಆದರೆ ವ್ಯಕ್ತಿಯ ಸತ್ತ್ವ ಪುರಸ್ಕಾರಗಳಿಂದ ಮಾತ್ರ ತಿಳಿಯುವಂಥದಲ್ಲ. 2022ರಲ್ಲಿ ಜರ್ಮನಿಯನ್ನು ಸೋಲಿಸಿ ಯೂರೋಪಿನ ಕಿರೀಟ ಧರಿಸಿದ ಇಂಗ್ಲೆಂಡ್ ತಂಡ, 2023ರ ಆಗಸ್ಟ್ 20ರಂದು ಸಿಡ್ನಿಯಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನಾಡಿತು. 29ನೆಯ ನಿಮಿಷ. ಲೂಸಿ ತನ್ನ ಪಾರ್ಶ್ವವನ್ನು ಬಿಟ್ಟು ಚೆಂಡಿನೊಡನೆ ನಡುಮೈದಾನಕ್ಕೆ ನುಗ್ಗಿ ಚೆಂಡನ್ನು ಕಳೆದುಕೊಂಡಳು. ತೆರವಾದ ಆ ಪಾರ್ಶ್ವದಿಂದಲೇ ಸ್ಪೇನಿನ ಓಲ್ಗಾ ಕಾರ್ಮೋನಾ ಗೋಲು ಹೊಡೆದಳು. ಪಂದ್ಯ 1–0ರಿಂದ ಸ್ಪೇನಿನ ಪಾಲಾಯಿತು. ವರ್ಷಗಟ್ಟಲೆ ತಡೆದ ದಾಳಿಗಳು ಹಿಂದೆ ಸರಿದು, ತಡೆಯಲಾಗದ ಒಂದು ಮುಂದೆ ನಿಂತಿತು.

ಎರಡು ವರ್ಷಗಳ ಬಳಿಕ, 2025ರ ಜುಲೈ 17ರಂದು, ಜ್ಯೂರಿಚ್ ನಗರದಲ್ಲಿ ಯೂರೋಪಿನ ಪಂದ್ಯಾವಳಿಯ ಕ್ವಾರ್ಟರ್ ಫೈನಲ್. ಸ್ವೀಡನ್ ಎರಡು ಗೋಲುಗಳಿಂದ ಮುಂದಿತ್ತು. 79ನೆಯ ನಿಮಿಷದಲ್ಲಿ ಲೂಸಿ ತಲೆಯಿಂದ ಚೆಂಡನ್ನು ಗೋಲಿಗೆ ಸೇರಿಸಿ ತಂಡಕ್ಕೆ ಜೀವ ತುಂಬಿದಳು. ಪಂದ್ಯ ಸಮವಾಗಿ ಪೆನಾಲ್ಟಿ ಒದೆತಗಳಿಗೆ ಬಂದಾಗ ಒಬ್ಬರ ಮೇಲೊಬ್ಬರು ವಿಫಲರಾದರು. ನಿರ್ಣಾಯಕವಾದ ಒದೆತ ಈಕೆಯದಾಯಿತು. ಜುಲೈ 27ರಂದು ಬಾಸೆಲ್ ನಗರದಲ್ಲಿ ಅದೇ ಸ್ಪೇನ್ ತಂಡವನ್ನು ಪೆನಾಲ್ಟಿಗಳಲ್ಲಿ ಗೆದ್ದು ಇಂಗ್ಲೆಂಡ್ ಕಿರೀಟವನ್ನುಳಿಸಿಕೊಂಡಿತು. ಪಂದ್ಯಾವಳಿಯುದ್ದಕ್ಕೂ ಮೊಣಕಾಲ ಕೆಳಗಿನ ಮೂಳೆಯ ಬಿರುಕಿನೊಡನೆಯೇ ತಾನು ಆಡಿದುದಾಗಿ ಆಮೇಲೆ ಆಕೆಯೇ ತಿಳಿಸಿದಳು. ಮುರಿದ ಮೂಳೆಯಲ್ಲಿ ಆಡುವುದನ್ನು ಮಕ್ಕಳಿಗೆ ಆದರ್ಶವೆಂದು ಬೋಧಿಸುವುದು ತರವಲ್ಲ. ಸರ್ವರೆದುರಿಗೆ ಎಡವಿದ ಮೇಲೂ ಮತ್ತೆ ಅದೇ ಎಡೆಯಲ್ಲಿ ನಿಂತು ಕರ್ತವ್ಯವನ್ನು ಕೈಗೊಂಡ ಧೃತಿ ಮಾತ್ರ ಬೋಧನೀಯ. ಅನ್ವರ್ಥತೆ ಇರುವುದು ಅಲ್ಲಿ.

ಹುಡುಗ ಹುಡುಗಿಯರು ಕೂಡಿ ಆಡುವ ವಯೋಮಿತಿಯನ್ನು ಇಂಗ್ಲೆಂಡಿನಲ್ಲಿ ತರುವಾಯ ಹಂತಹಂತವಾಗಿ ಏರಿಸಿದರು. ನಿಯಮ ತಿದ್ದಬಹುದಾದುದೆಂದು ಇದರಿಂದ ಸ್ಪಷ್ಟವಾಯಿತು. ಶಾಲೆಯ ಬಯಲಿನಲ್ಲಿ ಹನ್ನೆರಡರ ಹುಡುಗಿಯೊಬ್ಬಳು ಚೆಂಡಿನ ಹಿಂದೆ ಓಡುವುದನ್ನು ಕಂಡಾಗ ‘ಇನ್ನು ಸಾಕು’ ಎನ್ನುವ ಮಾತು ನಮ್ಮ ಬಾಯಿಗೂ ಸುಲಭವಾಗಿ ಬರುತ್ತದೆ. ಯಾವ ದಾಳಿಯನ್ನು ತಡೆಯಬೇಕು, ಯಾರ ಓಟವನ್ನು ತಡೆಯಬಾರದು ಎಂಬ ವಿವೇಕ ಗುರುಗಳಿಗೂ ಪೋಷಕರಿಗೂ ದಾನಿಗಳಿಗೂ ಇರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.