ಹಳೆಯ ವ್ಯಾನಿನ ಎಂಜಿನ್ ಕಾವು ಮತ್ತು ರೇಡಿಯೇಟರ್ ನೀರು



ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತಂಬ್ರಹಳ್ಳಿಯಿಂದ ಅಡಿಕೆ ಚೀಲ ಹೇರಿಕೊಂಡು ಕೊಟ್ಟೂರಿನ ಕಡೆಗೆ ಹೊರಟಿದ್ದೆವು. ವ್ಯಾನಿನ ಶಾಖದ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿ ಥಟ್ಟನೆ ಕೆಳಗಿಳಿಯಿತು. "ಮುಳ್ಳು ಇಳೀತು ಬಿಡ್ರೀ, ಇನ್ನೇನಾಗಲ್ಲ" ಎಂದರು ಪಕ್ಕದಲ್ಲಿದ್ದವರು. ನಾವೂ ನಂಬಿದೆವು. ನಾಲ್ಕೈದು ಕಿಲೋಮೀಟರಿನೊಳಗೆ ಎಂಜಿನ್ ಕಚ್ಚಿಕೊಂಡು ನಿಂತಿತು. ಹೋಸ್ ಒಡೆದು ನೀರೆಲ್ಲ ಸೋರಿಹೋಗಿತ್ತು. ಶಾಖ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರಿಲ್ಲದಾಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಇಳಿಯಬಹುದು. ಆ ಪಾಠಕ್ಕೆ ನಾವು ತೆತ್ತ ಬೆಲೆಯನ್ನು ತಾವು ತೆರಬಾರದೆಂದು ಈ ಲೇಖನ.

ಶಾಖ ಹೋಗುವ ದಾರಿ

ಉರಿದ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಡಿ ಎಳೆಯಲು ಸಲ್ಲುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಉಳಿದುದನ್ನು ನೀರು ಹೊತ್ತು ರೇಡಿಯೇಟರಿಗೆ ಒಯ್ಯಬೇಕು. ಪಂಪು ನೀರನ್ನು ತಿರುಗಿಸುತ್ತದೆ. ಥರ್ಮೋಸ್ಟಾಟ್ ಎಂಬ ಬಾಗಿಲು ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯತೊಡಗುತ್ತದೆ. ಬೇಸಿಗೆಯೆಂದು ಅದನ್ನು ಕಿತ್ತು ಹಾಕಿಸುವ ರೂಢಿ ಸರಿಯಲ್ಲ. ಎಂಜಿನ್ ಹದವಾಗಿ ಕಾಯದಿದ್ದರೆ ಇಂಧನ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಮುಚ್ಚಳವೆಂದರೆ ಕುಕ್ಕರಿನ ಮುಚ್ಚಳ

ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಾವಿರ ಮೀಟರ್ ಎತ್ತರದ ಕಾಫಿ ನಾಡಿನಲ್ಲಿ 97ರ ಸುಮಾರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಡುವುದರಿಂದ ಕುದಿಯುವ ಮಟ್ಟ ಮೇಲೇರುತ್ತದೆ. 0.9 ಕೆ.ಜಿ. ಎಂದು ಗುರುತಿರುವ ಮುಚ್ಚಳ ಸರಿಯಾಗಿದ್ದರೆ ಬರೀ ನೀರೂ 118 ಡಿಗ್ರಿಯ ಆಸುಪಾಸಿನವರೆಗೆ ಕುದಿಯದು. ಮುಚ್ಚಳದ ರಬ್ಬರ್ ಹರಿದರೆ ಈ ಲಾಭ ಹೋಯಿತು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡ ಇಳಿದು ನೀರು ಒಮ್ಮೆಲೇ ಕುದಿದು ಮುಖಕ್ಕೇ ಚಿಮ್ಮುತ್ತದೆ.

ಬೋರಿನ ನೀರು ಬೇಡ

ಬೋರಿನ ಗಡಸು ನೀರು ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ತಾವು ನೋಡಿದ್ದೀರಿ. ಎಂಜಿನ್ ಒಳಗೂ ಅದೇ ಆಗುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಡದು. ಆದುದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಕೂಲೆಂಟ್ ಬೆರೆಸಿರಿ. ಕೂಲೆಂಟ್ ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟ ಏರಿಸುತ್ತದೆ. ಬೆರೆಸದೆ ಬರೀ ಕೂಲೆಂಟನ್ನೇ ತುಂಬಿದರೆ ಅದು ನೀರಿನಷ್ಟು ಶಾಖ ಹೊರಲಾರದು. ಇದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳು, ನಾಯಿ, ದನಕರುಗಳ ಬಾಯಿಗೆ ಸಿಗದಂತೆ ಇಡತಕ್ಕದ್ದು.

ಲಕ್ಷಣ ನೋಡಿ ಕಾರಣ ತಿಳಿಯುವುದು

1. ನಿಂತಲ್ಲಿ ಕಾದು, ಓಡುವಾಗ ತಣಿದರೆ: ಫ್ಯಾನ್, ಅದರ ಬೆಲ್ಟ್ ಅಥವಾ ಸ್ವಿಚ್ ನೋಡಿಸಿ.

2. ಹೇರು ಹೊತ್ತು ಏರು ಹತ್ತುವಾಗ ಕಾದರೆ: ರೇಡಿಯೇಟರ್ ಕಟ್ಟಿರಬಹುದು. ಹೊರಗಿನ ಜಾಲರಿಯಲ್ಲಿ ಹೊಟ್ಟು, ಧೂಳು, ಹುಳು ಸಿಕ್ಕಿದ್ದರೆ ಒಳಗಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ.

3. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಕಾದು, ರೇಡಿಯೇಟರ್ ತಣ್ಣಗಿದ್ದರೆ: ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ, ಪಂಪು ಕೆಟ್ಟಿದೆ, ಇಲ್ಲವೆ ಗಾಳಿ ಸಿಕ್ಕಿದೆ. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಮಾರುತಿ ವ್ಯಾನಿನಲ್ಲಿ (ಓಮ್ನಿ) ಎಂಜಿನ್ ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ. ನಡುವಿನ ಉದ್ದ ಪೈಪಿನಲ್ಲಿ ಗಾಳಿ ನಿಲ್ಲುವುದುಂಟು. ನೀರು ಬದಲಿಸಿದಾಗ ಗುಳ್ಳೆ ನಿಲ್ಲುವ ತನಕ ನಿಧಾನವಾಗಿ ತುಂಬಿಸಬೇಕು.

4. ಹೊರಗೆ ಸೋರದೆ ನೀರು ಕಡಿಮೆಯಾಗಿ, ಬಿಳಿ ಹೊಗೆ ಬಂದರೆ ಅಥವಾ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ: ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಗಾಡಿ ಓಡಿಸಬೇಡಿ.

ದಾರಿಯಲ್ಲಿ ಕಾದರೆ

ಮುಳ್ಳು ಕೆಂಪು ಮುಟ್ಟಿದರೆ, ಇಲ್ಲವೆ ಏರಿದ ಮುಳ್ಳು ಕಾರಣವಿಲ್ಲದೆ ಬಿದ್ದರೆ, ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸ್ ಕೈಗೆ ತಣ್ಣಗೆ ತಾಗಿದ ಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಮೊದಲ ಹಂತಕ್ಕೆ ತಿರುಗಿಸಿ ಒತ್ತಡ ಬಿಡಿ, ಬಳಿಕ ತೆಗೆಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಬೇರೆ ನೀರಿಲ್ಲದಿದ್ದರೆ ಬೋರಿನ ನೀರಿನಿಂದಲೇ ಮನೆ ಸೇರಿ, ಆಮೇಲೆ ಪೂರ್ತಿ ಬದಲಿಸಿರಿ.

ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೀರಿನ ಮಟ್ಟ, ಹೋಸ್, ಬೆಲ್ಟ್, ನೆಲದ ಮೇಲಿನ ತೊಟ್ಟು ಇಷ್ಟನ್ನು ನೋಡಲು ಎರಡು ನಿಮಿಷ ಸಾಕು. ಮುಳ್ಳನ್ನು ನಂಬಿರಿ, ಆದರೆ ನೀರನ್ನು ಕಣ್ಣಾರೆ ನೋಡಿದ ಮೇಲೆ ನಂಬಿರಿ.